ಹಾರ್ಪ್ ವಾದ್ಯ ಮತ್ತು ನವ್ಯ ಸಂಗೀತರಚನೆ: ಒಂದು ವಿಮರ್ಶೆ

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಬರೆಯುವವರು ಹಾರ್ಪ್ ವಾದ್ಯದ ಪ್ರಸ್ತಾಪ ಬಂದಾಗಲೆಲ್ಲ ಒಂದೇ ಕಥೆಯನ್ನು ಹೇಳುವುದು ರೂಢಿಯಾಗಿದೆ. ಆ ಕಥೆಯ ಪ್ರಕಾರ, ಹಾರ್ಪ್ ಬಹುಕಾಲ ಶ್ರೀಮಂತರ ದಿವಾನಖಾನೆಯ ಅಲಂಕಾರವಾಗಿಯೂ, ವಾದ್ಯವೃಂದದಲ್ಲಿ ಮಂಜು, ನೀರು, ಬೆಳದಿಂಗಳುಗಳನ್ನು ಸೂಚಿಸುವ ಪರಿಕರವಾಗಿಯೂ ಉಳಿದಿದ್ದು, 1963ರಲ್ಲಿ ಇಟಲಿಯ ಲೂಚಾನೊ ಬೆರಿಯೊ ತನ್ನ ‘ಸೆಕ್ವೆನ್ಸ 2’ ಎಂಬ ಕೃತಿಯನ್ನು ರಚಿಸಿದೊಡನೆ ಬಂಧಮುಕ್ತವಾಯಿತು. ಫ್ರೆಂಚ್ ಇಂಪ್ರೆಷನಿಸಂ ಈ ವಾದ್ಯಕ್ಕೆ ಅತ್ಯಂತ ಸಂಕುಚಿತವಾದ ರೂಪವೊಂದನ್ನು ಉಳಿಸಿಹೋಯಿತೆಂದು ಬೆರಿಯೊ ತಾನೇ ದೂರಿದ್ದಾನೆ. ವಿಮರ್ಶಕರು ಆ ದೂರನ್ನು ತೀರ್ಪೆಂದು ಸ್ವೀಕರಿಸಿದ್ದಾರೆ. ವಾದಿಯ ಹೇಳಿಕೆಯೇ ತೀರ್ಪಾಗುವುದು ಇತಿಹಾಸದ ವ್ಯಾಸಂಗದಲ್ಲಿ ತೊಡಗಿರುವವರಿಗೆ ಒಪ್ಪಿಗೆಯಾಗತಕ್ಕ ಮಾತಲ್ಲ. ಪ್ರಕೃತ ಲೇಖನದಲ್ಲಿ ಈ ಕಥೆಯನ್ನು ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡುವುದೂ, ಹಾರ್ಪಿಗೆ ಹೊಸ ಸಂಗೀತವನ್ನು ರಚಿಸುವಲ್ಲಿ ನಿಜವಾದ ತೊಡಕು ಯಾವುದೆಂಬುದನ್ನು ಕೃತಿಗಳ ಆಧಾರದಿಂದಲೇ ವಿಚಾರಿಸುವುದೂ ಉದ್ದೇಶವಾಗಿದೆ.

ಮೊದಲು ವಾದ್ಯದ ಯಂತ್ರರಚನೆಯನ್ನು ತಿಳಿದುಕೊಳ್ಳದೆ ಈ ವಿಚಾರದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಇಂದು ಸಂಗೀತಸಭೆಗಳಲ್ಲಿ ಬಳಕೆಯಲ್ಲಿರುವ ಹಾರ್ಪಿಗೆ 47 ತಂತಿಗಳು, ಏಳು ಪೆಡಲುಗಳು. ಪಿಯಾನೋದಲ್ಲಿ ಒಂದು ಸಪ್ತಕಕ್ಕೆ ಹನ್ನೆರಡು ಮನೆಗಳಿದ್ದರೆ, ಹಾರ್ಪಿನಲ್ಲಿ ಏಳೇ ತಂತಿಗಳು. ಒಂದೊಂದು ಪೆಡಲು ಒಂದೊಂದು ಸ್ವರನಾಮಕ್ಕೆ ಸೇರಿದ್ದು, ಮೂರು ನೆಲೆಗಳಲ್ಲಿ ನಿಲ್ಲುತ್ತದೆ. ನಮ್ಮ ಓದುಗರಿಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ ಮೇಲಿನ ನೆಲೆ ಕೋಮಲ, ನಡುವಿನದು ಶುದ್ಧ, ಕೆಳಗಿನದು ತೀವ್ರ. ‘ಸಿ’ ಪೆಡಲನ್ನು ತುಳಿದರೆ ವಾದ್ಯದಲ್ಲಿರುವ ಎಲ್ಲ ಸಪ್ತಕಗಳ ‘ಸಿ’ ತಂತಿಗಳೂ ಏಕಕಾಲಕ್ಕೆ ಬದಲಾಗುತ್ತವೆ. ಎಡಗಾಲಿಗೆ ಡಿ, ಸಿ, ಬಿ ಎಂಬ ಮೂರು, ಬಲಗಾಲಿಗೆ ಇ, ಎಫ್, ಜಿ, ಎ ಎಂಬ ನಾಲ್ಕು. ಈ ದ್ವಿಚಲನ ಯಂತ್ರಕ್ಕೆ ಸೆಬಾಸ್ಟಿಯನ್ ಎರಾರ್ 1810ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದನು. ಆ ಬಳಿಕ ಅದರ ಮೂಲತತ್ತ್ವದಲ್ಲಿ ಮಹತ್ತರವಾದ ಬದಲಾವಣೆ ಆಗಿಲ್ಲ.

ಇದರಿಂದ ಫಲಿಸುವುದನ್ನು ಸ್ವಲ್ಪ ಲೆಕ್ಕಹಾಕಿ ನೋಡಬೇಕು. ಏಳು ಪೆಡಲುಗಳಿಗೆ ಮೂರು ಮೂರು ನೆಲೆಗಳಾದರೆ ಒಟ್ಟು 2187 ಬಗೆಯ ಶ್ರುತಿವಿನ್ಯಾಸಗಳು ಸಾಧ್ಯ. ಇಷ್ಟು ಸಮೃದ್ಧಿಯಿದ್ದರೂ ಯಾವ ಒಂದು ಕ್ಷಣದಲ್ಲಿಯೂ ವಾದಕನ ಕೈಗೆಟುಕುವ ಭಿನ್ನ ಸ್ವರಗಳು ಏಳಕ್ಕೆ ಮೀರವು. ಹನ್ನೆರಡು ಸ್ವರಗಳನ್ನೂ ಒಂದಾದ ಮೇಲೊಂದರಂತೆ ನುಡಿಸಬೇಕಾದರೆ ಕನಿಷ್ಠ ಐದು ಸಲ ಕಾಲನ್ನು ಆಡಿಸಲೇಬೇಕು. ಅದೇ ವೇಳೆಗೆ ಈ ಯಂತ್ರ ಬೇರೆ ಯಾವ ವಾದ್ಯದಲ್ಲಿಯೂ ಇಷ್ಟು ಸುಲಭವಲ್ಲದ ಒಂದು ಸೌಕರ್ಯವನ್ನೂ ಕೊಡುತ್ತದೆ. ‘ಸಿ’ಯನ್ನು ತೀವ್ರಕ್ಕೂ ‘ಡಿ’ಯನ್ನು ಕೋಮಲಕ್ಕೂ ಒಯ್ದರೆ ನೆರೆಯ ಎರಡು ತಂತಿಗಳು ಒಂದೇ ಸ್ವರವನ್ನು ನುಡಿಯುತ್ತವೆ, ಎರಡು ಕೈಗಳಿಂದ ಅವನ್ನು ಪಿಸುಗುಟ್ಟಿಸಬಹುದು, ತಂತಿಗಳ ಮೇಲೆ ಕೈಯೆಳೆದರೆ ಬೇಡವಾದ ಸ್ವರಗಳು ನುಸುಳದಂತೆ ಮಾಡಬಹುದು. ಹನ್ನೆರಡರಲ್ಲಿ ಒಂಬತ್ತು ಸ್ವರಗಳಿಗೆ ಇಂತಹ ಜೋಡಿ ದೊರೆಯುತ್ತದೆ. ಶುದ್ಧ ಡಿ, ಜಿ, ಎ ಎಂಬ ಮೂರಕ್ಕೆ ಮಾತ್ರ ಜೋಡಿಯಿಲ್ಲ. ಹಾರ್ಪಿಗೆ ಬರೆಯಹೊರಟ ಸಂಯೋಜಕನು ಈ ಮೂರು ಒಂಟಿ ಸ್ವರಗಳನ್ನು ಅರಿತಿದ್ದಾನೆಯೆ ಇಲ್ಲವೆ ಎಂಬುದು ಸ್ವರಲಿಪಿಯ ಮೊದಲ ಪುಟದಲ್ಲಿಯೇ ಗೊತ್ತಾಗಿಬಿಡುತ್ತದೆ. ಪಿಯಾನೋದ ಮುಂದೆ ಕುಳಿತು ಬರೆದು, ಅನಂತರ ಹಾರ್ಪಿನ ಹೆಸರನ್ನು ಮೇಲೆ ಹಚ್ಚಿದ ಕೃತಿಗಳು ಬಹಳ ಇವೆ. ಅವುಗಳಲ್ಲಿ ವಾದಕನ ಕಾಲುಗಳು ಕೈಗಳಿಗಿಂತ ಹೆಚ್ಚು ದುಡಿಯುತ್ತವೆ, ಕೇಳುವವರಿಗೆ ಸಂಗೀತದೊಡನೆ ಪೆಡಲಿನ ಸಪ್ಪಳವೂ ಪ್ರಾಪ್ತವಾಗುತ್ತದೆ.

ಇಲ್ಲಿ ನಮ್ಮ ದೇಶದ ಇತಿಹಾಸದಿಂದ ಒಂದು ಮಾತನ್ನು ಸೇರಿಸುವುದು ಅಪ್ರಸ್ತುತವಾಗಲಾರದು. ಭಾರ್ಹುತ, ಅಮರಾವತಿಗಳ ಶಿಲ್ಪಗಳಲ್ಲಿಯೂ, ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿಯೂ ಕಾಣುವ ವೀಣೆ ಇಂದಿನ ವೀಣೆಯಲ್ಲ. ಅದು ಬಿಲ್ಲಿನಾಕಾರದ ಹಾರ್ಪ್. ತಮಿಳುನಾಡಿನ ಯಾಳ್ ಇದೇ ಕುಲದ್ದು. ಸ್ವಾಮಿ ವಿಪುಲಾನಂದರು 1947ರಲ್ಲಿ ಅದರ ಮೇಲೆ ‘ಯಾಳ್ ನೂಲ್’ ಎಂಬ ಗ್ರಂಥವನ್ನೇ ಪ್ರಕಟಿಸಿದರು. ಬರ್ಮಾದೇಶದಲ್ಲಿ ಈ ವಾದ್ಯ ‘ಸೌಂಗ್’ ಎಂಬ ಹೆಸರಿನಿಂದ ಇಂದಿಗೂ ಜೀವಂತವಾಗಿದೆ. ಮಧ್ಯಪ್ರದೇಶದ ಪರಧಾನರ ‘ಬೀನ್ ಬಾಜಾ’ ಎಂಬುದನ್ನು ಬಿಟ್ಟರೆ ಭಾರತದಲ್ಲಿ ಅದು ಬಹುಮಟ್ಟಿಗೆ ಅಳಿದುಹೋಯಿತು. ಅಳಿವಿನ ಕಾರಣಗಳ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೂ ಒಂದು ತಂತಿಗೆ ಒಂದೇ ಸ್ವರವೆಂಬ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಪ್ರಾಣವಾದ ಸಂಗೀತದೊಡನೆ ಬಹುಕಾಲ ಬಾಳುವುದು ಕಷ್ಟವೆಂಬ ಊಹೆ ಯುಕ್ತಿಯುಕ್ತವಾಗಿ ಕಾಣುತ್ತದೆ. ಯುರೋಪಿನಲ್ಲಿಯೂ ಸಂಗೀತವು ಅರ್ಧಸ್ವರಗಳ ಕಡೆಗೆ ಹೊರಳಿದಾಗ ಇದೇ ಬಗೆಯ ಸಂಕಟ ಒದಗಿತು. ಅಲ್ಲಿ ವಾದ್ಯವನ್ನು ಕೈಬಿಡುವುದಕ್ಕೆ ಬದಲು ಅದಕ್ಕೊಂದು ಯಂತ್ರವನ್ನು ತೊಡಿಸಿದರು. ಹಾರ್ಪಿನ ನವ್ಯಸಂಗೀತದ ಸಮಸ್ಯೆಗಳೆಲ್ಲ ಆ ಯಂತ್ರದ ಮಿತಿಯಲ್ಲಿಯೇ ಹುಟ್ಟಿದವು.

ಯಂತ್ರಗಳ ಪೈಪೋಟಿಯೇ ಈ ವಾದ್ಯದ ಎರಡು ಪ್ರಸಿದ್ಧ ಕೃತಿಗಳಿಗೆ ಕಾರಣವಾಯಿತೆಂಬುದು ಗಮನಾರ್ಹ. ಪ್ಯಾರಿಸ್ಸಿನ ಪ್ಲೆಯೆಲ್ ಸಂಸ್ಥೆಯ ಗುಸ್ತಾವ್ ಲಿಯೋನ್, ಪೆಡಲುಗಳೇ ಇಲ್ಲದ, ಹನ್ನೆರಡು ಸ್ವರಗಳಿಗೂ ಪ್ರತ್ಯೇಕ ತಂತಿಗಳುಳ್ಳ, ಎರಡು ಸಾಲು ತಂತಿಗಳು ಒಂದನ್ನೊಂದು ಅಡ್ಡಹಾಯುವ ಹೊಸ ಹಾರ್ಪೊಂದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿರ್ಮಿಸಿದನು. ಅದರ ಪ್ರಚಾರಕ್ಕಾಗಿ ಪ್ಲೆಯೆಲ್ ಸಂಸ್ಥೆ ಕ್ಲೋದ್ ದೆಬ್ಯುಸಿಯಿಂದ ಕೃತಿಯೊಂದನ್ನು ಬರೆಯಿಸಿತು. 1904ರ ಎರಡು ‘ನೃತ್ಯ’ಗಳು, ಒಂದು ಪವಿತ್ರ, ಇನ್ನೊಂದು ಲೌಕಿಕ, ಹೀಗೆ ಹುಟ್ಟಿದವು. ಎರಾರ್ ಸಂಸ್ಥೆ ಸುಮ್ಮನಿರಲಿಲ್ಲ. ತನ್ನ ಪೆಡಲ್ ಹಾರ್ಪಿಗಾಗಿ ಅದು ಮಾರಿಸ್ ರವೆಲನನ್ನು ಕೇಳಿಕೊಂಡಿತು. 1905ರ ‘ಇಂಟ್ರೊಡಕ್ಷನ್ ಎ ಅಲೆಗ್ರೊ’ ಅದರ ಫಲ. ಎರಡೂ ಅಂಗಡಿಯ ಜಾಹೀರಾತಿನಿಂದ ಹುಟ್ಟಿ ಅಂಗಡಿಗಳನ್ನು ಮೀರಿ ಬಾಳಿದ ಕೃತಿಗಳು. ಅವುಗಳ ಗತಿಯಲ್ಲಿ ಮಾತ್ರ ವ್ಯತ್ಯಾಸವಿದೆ. ರವೆಲನ ಕೃತಿ ಯಾವ ವಾದ್ಯಕ್ಕಾಗಿ ಬರೆಯಲ್ಪಟ್ಟಿತೋ ಅದರಲ್ಲಿಯೇ ಇಂದೂ ಕೇಳಿಬರುತ್ತದೆ. ದೆಬ್ಯುಸಿಯ ನೃತ್ಯಗಳಾದರೋ, ಪ್ಲೆಯೆಲ್ಲಿನ ಹಾರ್ಪ್ ಬಳಕೆಯಿಂದ ಜಾರಿಹೋದ ಕಾರಣ, ಎದುರಾಳಿಯ ವಾದ್ಯದಲ್ಲಿಯೇ ನುಡಿಯುತ್ತಿವೆ. ಪೆಡಲು ತುಳಿಯಬೇಕಾಗಿಲ್ಲವೆಂಬುದನ್ನು ತೋರಿಸುವುದಕ್ಕೆ ಬರೆದ ಸಂಗೀತವನ್ನು ಇಂದು ಪೆಡಲು ತುಳಿದೇ ನುಡಿಸುತ್ತಾರೆ. ಹನ್ನೆರಡು ತಂತಿಗಳಿದ್ದರೆ ತೊಡಕೆಲ್ಲ ಪರಿಹಾರವಾಗುತ್ತದೆಂಬ ಲಿಯೋನನ ಎಣಿಕೆ ಸರಿಯಾಗಲಿಲ್ಲ. ತಂತಿಗಳ ಮೇಲೆ ಕೈಯೆಳೆದು ಬೇಕಾದ ಸ್ವರಗುಚ್ಛವನ್ನು ಮಾತ್ರ ಹೊಮ್ಮಿಸುವ ಶಕ್ತಿ, ಅಂದರೆ ಹಾರ್ಪಿನ ಹಾರ್ಪುತನವೇ, ಆ ವಾದ್ಯದಲ್ಲಿ ನಷ್ಟವಾಗಿತ್ತು.

ಇನ್ನು ಬೆರಿಯೊನ ಕಥೆಗೆ ಬರುವ ಮುನ್ನ ನಲವತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಫ್ರಾನ್ಸಿನಲ್ಲಿ 1885ರಲ್ಲಿ ಹುಟ್ಟಿ, 1909ರಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ ಕಾರ್ಲೊಸ್ ಸಾಲ್ಸೆಡೊ ಎಂಬ ಹಾರ್ಪ್ ವಾದಕನು 1921ರಲ್ಲಿ ‘ಮಾಡರ್ನ್ ಸ್ಟಡಿ ಆಫ್ ದಿ ಹಾರ್ಪ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಉಗುರಿನಿಂದ ಮೀಟುವುದು, ಧ್ವನಿಫಲಕವನ್ನು ತಟ್ಟುವುದು, ತಂತಿಗಳನ್ನು ಅಂಗೈಯಿಂದ ಉಜ್ಜುವುದು, ಮಂದ್ರತಂತಿಗಳನ್ನು ಒಂದಕ್ಕೊಂದು ಬಡಿಯುವಂತೆ ಮಾಡಿ ಗುಡುಗನ್ನು ಹುಟ್ಟಿಸುವುದು, ಮೀಟಿದ ಮೇಲೆ ಪೆಡಲನ್ನು ಸರಿಸಿ ನಾದವನ್ನು ಜಾರಿಸುವುದು, ಇವೇ ಮೊದಲಾದ ವಿಧಾನಗಳಿಗೆ ಅವನು ಹೆಸರನ್ನಿಟ್ಟನು, ಚಿಹ್ನೆಯನ್ನು ಕಲ್ಪಿಸಿದನು. ಅದೇ 1921ರಲ್ಲಿ ಎಡ್ಗಾರ್ ವರೇಸನೊಡನೆ ಸೇರಿ ನ್ಯೂಯಾರ್ಕಿನಲ್ಲಿ ‘ಇಂಟರ್‌ನ್ಯಾಷನಲ್ ಕಂಪೋಸರ್ಸ್ ಗಿಲ್ಡ್’ ಎಂಬ ನವ್ಯಸಂಗೀತ ಸಂಘವನ್ನು ಸ್ಥಾಪಿಸಿದವನೂ ಈತನೇ. ಅಂದಮೇಲೆ 1963ಕ್ಕೆ ಮುಂಚೆ ಹಾರ್ಪ್ ಬೆಳದಿಂಗಳಿನ ವಾದ್ಯ ಮಾತ್ರವಾಗಿತ್ತೆಂಬ ಹೇಳಿಕೆಯನ್ನು ಕಾಲಾನುಕ್ರಮ ಒಪ್ಪುವುದಿಲ್ಲ.

ಹಾಗಾದರೆ ಸಾಲ್ಸೆಡೊನ ಹೆಸರು ಸಂಯೋಜಕರ ಇತಿಹಾಸದಲ್ಲಿ ಏಕೆ ಅಡಿಟಿಪ್ಪಣಿಗೆ ಇಳಿಯಿತು? ಒಂದು ಕಾರಣವನ್ನು ನ್ಯಾಯವಾಗಿ ಅವನ ಮೇಲೆಯೇ ಹೊರಿಸಬೇಕು. ಅವನು ಶೋಧಿಸಿದ ನಾದಗಳು ಶ್ರೀಮಂತವಾದವು. ಆದರೆ ಅವನ ಸ್ವಂತ ಕೃತಿಗಳಲ್ಲಿ ಅವು ಬಹುಮಟ್ಟಿಗೆ ಬಿಡಿ ಬಿಡಿ ಬಣ್ಣಗಳಾಗಿಯೇ ನಿಲ್ಲುತ್ತವೆ, ಒಂದು ಇನ್ನೊಂದನ್ನು ಅನಿವಾರ್ಯವೆಂಬಂತೆ ಕರೆಯುವುದಿಲ್ಲ. ಶಬ್ದಕೋಶ ಸಿದ್ಧವಾಗಿತ್ತು, ವಾಕ್ಯರಚನೆ ಆಗಬೇಕಾಗಿತ್ತು. ಇನ್ನೊಂದು ಕಾರಣ ನಮ್ಮ ಚರಿತ್ರಕಾರರದು. ವಾದಕನು ಬರೆದುದು ‘ಪಾಠಪುಸ್ತಕ’, ಸಂಯೋಜಕನು ಬರೆದುದು ‘ಕೃತಿ’ ಎಂಬ ವಿಭಾಗವನ್ನು ಅವರು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ.

ಬೆರಿಯೊನ ಸಾಧನೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದು ಕುಗ್ಗುವುದಿಲ್ಲ, ಸ್ಪಷ್ಟವಾಗುತ್ತದೆ. ಫ್ರಾನ್ಸಿಸ್ ಪಿಯೆರ್ ಎಂಬ ವಾದಕನಿಗಾಗಿ ಬರೆದ ‘ಸೆಕ್ವೆನ್ಸ 2’ರಲ್ಲಿ ಫಲಕದ ಮೇಲಿನ ಬಡಿತವೂ, ಅದುಮಿದ ತಂತಿಯ ಒಣಸದ್ದೂ, ಪೆಡಲಿನಿಂದ ಜಾರುವ ನಾದವೂ ಇವೆ, ಇವು ಯಾವುವೂ ಹೊಸವಲ್ಲ. ಹೊಸದಾದುದು ಅವುಗಳ ಸಂಬಂಧ. ಹನ್ನೆರಡು ಸ್ವರಗಳ ಕ್ಷೇತ್ರದಲ್ಲಿ ಸಂಚರಿಸಬೇಕಾದ ಸಂಗೀತ, ಏಳೇ ತಂತಿಗಳ ವಾದ್ಯದಲ್ಲಿ ಅಡಿಗಡಿಗೂ ಎಡವುತ್ತದೆ; ಆ ಎಡವುವಿಕೆಯನ್ನು ಮರೆಮಾಚುವುದಕ್ಕೆ ಬದಲಾಗಿ ಬೆರಿಯೊ ಅದನ್ನೇ ಕೃತಿಯ ಚಾಲಕಶಕ್ತಿಯನ್ನಾಗಿ ಮಾಡಿಕೊಂಡನು. ಕಾಲಿನ ಚಲನೆಯೇ ಲಯದ ಒಂದು ಅಂಗವಾಗುತ್ತದೆ. ನಾದ ಹುಟ್ಟುವುದೆಷ್ಟು ಮುಖ್ಯವೋ ಅದನ್ನು ಅಡಗಿಸುವುದೂ ಅಷ್ಟೇ ಮುಖ್ಯವಾಗುತ್ತದೆ. ಮೀಟಿದ ತಂತಿ ತಾನಾಗಿ ನಿಲ್ಲದ ಈ ವಾದ್ಯದಲ್ಲಿ ಮೌನವನ್ನೂ ಕೈಯಿಂದಲೇ ಮಾಡಬೇಕು. ಬೆರಿಯೊ ಅದನ್ನು ಚೆನ್ನಾಗಿ ಅರಿತಿದ್ದನು. ಕೃತಿಯ ದೋಷವನ್ನೂ ಹೇಳಬೇಕು. ಸಾಂದ್ರತೆ ಎಡೆಬಿಡದೆ ಒಂದೇ ಮಟ್ಟದಲ್ಲಿ ಸಾಗುವಾಗ ಕಿವಿ ದಣಿಯುತ್ತದೆ, ಒರಟು ನಾದವೂ ಒಂದು ಬಗೆಯ ಅಲಂಕಾರವಾಗಿಬಿಡುತ್ತದೆ. ಬೆರಿಯೊ ಮರುವರ್ಷಗಳಲ್ಲಿಯೇ ಈ ಕೃತಿಯ ಸುತ್ತ ವಾದ್ಯವೃಂದವನ್ನು ಹೆಣೆದು ‘ಶೆಮಾಂ 1’ ಎಂಬುದನ್ನು ರಚಿಸಿದನು. ಹಾರ್ಪಿನಲ್ಲಿ ಮುಚ್ಚಿಹೋಗಿದ್ದ ಸ್ವರಸಂಬಂಧಗಳು ಅಲ್ಲಿ ಬಿಡಿಸಿಕೊಂಡು ಕೇಳಿಸುತ್ತವೆ. ಇದನ್ನು ಮೂಲಕೃತಿಯ ಮೇಲಣ ವ್ಯಾಖ್ಯಾನವೆನ್ನಬಹುದು, ತಿದ್ದುಪಡಿಯೆಂದರೂ ತಪ್ಪಾಗಲಾರದು.

ಬೆಂಜಮಿನ್ ಬ್ರಿಟನ್ನನ ‘ಸ್ವೀಟ್ ಫಾರ್ ಹಾರ್ಪ್’ (1969) ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದುದು. ಪ್ರಸ್ತಾವನೆ, ಟೊಕಾಟಾ, ನಿಶಾಗೀತ, ಫ್ಯೂಗ್, ಸ್ತೋತ್ರ ಎಂಬ ಐದು ಭಾಗಗಳ ಈ ಕೃತಿಯನ್ನು ಹಳೆಯ ಜಾಡಿನದೆಂದು ತಳ್ಳಿಹಾಕುವುದು ಸುಲಭ. ‘ಸಿ’ ಶ್ರುತಿಯಲ್ಲಿದೆಯೆಂದು ಅದು ತಾನೇ ಸಾರಿಕೊಳ್ಳುತ್ತದೆ. ಆದರೆ ಸ್ವರಲಿಪಿಯನ್ನು ಕಾಲಿನ ದೃಷ್ಟಿಯಿಂದ ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ಇಲ್ಲಿ ಪೆಡಲು ಬದಲಾಗುವುದೆಂದರೆ ಸಂಗೀತದ ದಿಕ್ಕೇ ಬದಲಾಗುವುದು. ಯಂತ್ರದ ಚಲನೆಯೂ ಭಾವದ ಚಲನೆಯೂ ಒಂದೇ ಸ್ಥಾನದಲ್ಲಿ ಬೀಳುತ್ತವೆ. ಸ್ವರಗಳು ವಿರಳ. ಒಂದೊಂದು ತಂತಿಗೂ ಮೊಳಗಿ ಅಡಗುವಷ್ಟು ಅವಕಾಶವಿದೆ. ಬ್ರಿಟನ್ನನಿಗೆ ಈ ವಾದ್ಯ ಹೊಸದಾಗಿರಲಿಲ್ಲ. 1942ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಮರಳುವಾಗ ಬರೆಯತೊಡಗಿದ ‘ಎ ಸೆರಿಮನಿ ಆಫ್ ಕ್ಯಾರಲ್ಸ್’ನಲ್ಲಿ ಬಾಲಕರ ಕಂಠಗಳಿಗೆ ಹಾರ್ಪೊಂದೇ ಜತೆ. ಆದರೂ 1969ರ ಕೃತಿಯ ಪರಿಪಕ್ವತೆಗೆ ವೇಲ್ಸಿನ ವಾದಕ ಓಸಿಯನ್ ಎಲಿಸ್ ಕಾರಣನೆಂದು ಹೇಳದೆ ವಿಧಿಯಿಲ್ಲ. 1964ರ ‘ಕರ್ಲ್ಯೂ ರಿವರ್’ ಮೊದಲಾದವುಗಳಲ್ಲಿ ಆತನು ಬ್ರಿಟನ್ನನೊಡನೆ ದುಡಿದಿದ್ದನು. ಕೊನೆಯ ಭಾಗ ವೇಲ್ಸಿನ ಸ್ತೋತ್ರಧಾಟಿಯೊಂದರ ಮೇಲೆ ನಿಂತಿರುವುದು ಆ ಋಣದ ಬಹಿರಂಗ ಸ್ವೀಕಾರವೇ ಆಗಿದೆ.

ಈ ಎರಡು ಕೃತಿಗಳಲ್ಲಿ ಯಾವುದು ಹೆಚ್ಚು ‘ನವ್ಯ’ ಎಂದು ಕೇಳುವುದು ವ್ಯರ್ಥ. ಎರಡರಲ್ಲಿಯೂ ಯಂತ್ರದ ಮಿತಿ ಸಂಗೀತದ ವಸ್ತುವಾಗಿದೆ ಎಂಬುದೇ ಅವುಗಳ ಬಾಳಿಕೆಗೆ ಕಾರಣ. ಪಾಲ್ ಹಿಂಡೆಮಿತ್ತನ 1939ರ ಸೊನಾಟಾ ಕೂಡ ಇದೇ ಕಾರಣದಿಂದ ಉಳಿಯಿತು. ಅದು ಪಿಯಾನೋದಲ್ಲಿ ನುಡಿಸಿದರೆ ಬಡವಾಗಿ ಕೇಳುವ ಸಂಗೀತ.

ಸಂಯೋಜಕನೊಬ್ಬನು ಈ ಮಿತಿಯೊಡನೆ ಎಷ್ಟು ಸೆಣಸಬೇಕಾಗುತ್ತದೆ ಎಂಬುದಕ್ಕೆ ಅರ್ಜೆಂಟೀನಾದ ಆಲ್ಬರ್ಟೊ ಹಿನಸ್ತೇರನ ಹಾರ್ಪ್ ಕನ್ಸರ್ಟೊ ಒಳ್ಳೆಯ ನಿದರ್ಶನ. ಅದನ್ನು 1956ರಲ್ಲಿ ಕೇಳಿದವಳು ಎಡ್ನಾ ಫಿಲಿಪ್ಸ್. ಫಿಲಡೆಲ್ಫಿಯಾ ವಾದ್ಯವೃಂದಕ್ಕೆ 1930ರಲ್ಲಿ ಸೇರಿದ ಮೊದಲ ಮಹಿಳೆ, ಸಾಲ್ಸೆಡೊನ ಶಿಷ್ಯೆ. ಕೃತಿ ರಂಗಕ್ಕೆ ಬಂದುದು 1965ರಲ್ಲಿ. ಅಷ್ಟರಲ್ಲಿ ಫಿಲಿಪ್ಸ್ ಸಭಾವಾದನದಿಂದ ನಿವೃತ್ತಳಾಗಿದ್ದಳು. ನುಡಿಸಿದವನು ಸ್ಪೇನಿನ ನಿಕನೋರ್ ಸಬಲೇಟ. ಒಂಬತ್ತು ವರ್ಷದ ಆ ವಿಳಂಬದ ಫಲವಾಗಿ ದೊರೆತುದು ನಿಜಕ್ಕೂ ಶ್ರೇಷ್ಠವಾದ ಕೃತಿ. ಅರ್ಜೆಂಟೀನಾದ ಕುಣಿತದ ಲಯಗಳನ್ನೂ ದೊಡ್ಡ ತಾಳವಾದ್ಯಗಳ ಗುಂಪನ್ನೂ ಹಾರ್ಪಿನೊಡನೆ ನಿಲ್ಲಿಸಿ, ಅದರ ಮೃದುತ್ವದ ಕೀರ್ತಿಯನ್ನೇ ಅವನು ಪ್ರಶ್ನಿಸಿದನು; ಕೊನೆಯ ಭಾಗದ ಆರಂಭದಲ್ಲಿ ವೃಂದವನ್ನೆಲ್ಲ ಸುಮ್ಮನಾಗಿಸಿ ವಾದಕನೊಬ್ಬನನ್ನೇ ಮಾತನಾಡಲು ಬಿಟ್ಟನು. ಫಿಲಿಪ್ಸಳ ಪ್ರೇರಣೆಯಿಲ್ಲದೆ ಈ ಕೃತಿ ಹುಟ್ಟುತ್ತಿರಲಿಲ್ಲ. ಆದರೂ ಸಭಾಪತ್ರಿಕೆಗಳಲ್ಲಿ ಆಕೆಯ ಹೆಸರು ಬರುವುದು, ಬಂದರೆ, ಆಣತಿಯಿತ್ತ ಧನಿಕರ ಸಾಲಿನಲ್ಲಿ.

ಇದು ಒಬ್ಬಳ ಮಾತಲ್ಲ. ಹಾರ್ಪ್ ವಾದನ ಮಹಿಳೆಯರಿಗೆ ವಾದ್ಯವೃಂದಗಳ ಬಾಗಿಲು ತೆರೆದ ಮೊದಲ ಕ್ಷೇತ್ರಗಳಲ್ಲಿ ಒಂದು. ಆ ಬಾಗಿಲು ತೆರೆದ ರೀತಿಯೇ ಬೋಧಪ್ರದವಾಗಿದೆ. ವಿಯೆನ್ನಾ ಫಿಲ್‌ಹಾರ್ಮೋನಿಕ್ 1997ರಲ್ಲಿ ಮೊಟ್ಟಮೊದಲು ಮಹಿಳೆಯೊಬ್ಬಳಿಗೆ ಸದಸ್ಯತ್ವವನ್ನು ಕೊಟ್ಟಾಗ ಅದನ್ನು ಪಡೆದವಳು ಅನ್ನಾ ಲೆಲ್ಕೆಶ್, ಹಾರ್ಪ್ ವಾದಕಿ. ಅದಕ್ಕೆ ಮುಂಚೆ ಎರಡು ದಶಕಗಳಿಗೂ ಮಿಕ್ಕ ಕಾಲ ಆಕೆ ಅದೇ ವೃಂದದಲ್ಲಿ ಸದಸ್ಯತ್ವವಿಲ್ಲದೆ ನುಡಿಸಿದ್ದಳು. ಕಿವಿಗೆ ಬೇಕಾದುದು ದಾಖಲೆಗೆ ಬೇಡವಾಗಿತ್ತು. ನವ್ಯಕೃತಿಗಳ ಚರಿತ್ರೆಯಲ್ಲಿಯೂ ಹೀಗೆಯೇ. ಬೆರಳಿನ ಕ್ರಮ, ಪೆಡಲುಗಳ ಯೋಜನೆ, ಯಾವ ನಾದ ಸಾಧ್ಯ, ಯಾವುದು ಅಸಾಧ್ಯ ಎಂಬ ವಿವೇಕ, ಇವೆಲ್ಲ ಹೆಚ್ಚಾಗಿ ವಾದಕರಿಂದ ಬಂದವು. ಮುದ್ರಿತ ಪ್ರತಿಯಲ್ಲಿ ಅವರಿಗೆ ದೊರೆಯುವುದು ಅರ್ಪಣೆಯ ಒಂದು ಸಾಲು. ಪಿಟೀಲಿನ ವಿಷಯದಲ್ಲಿಯೂ ಇದು ನಿಜವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಪಿಟೀಲನ್ನು ತಾವೇ ಬಲ್ಲ ಸಂಯೋಜಕರು ಬೇಕಾದಷ್ಟಿದ್ದಾರೆ. ಹಾರ್ಪಿನ ಯಂತ್ರವನ್ನು ಕಾಲಿನಿಂದ ಬಲ್ಲವರು ಅತಿ ವಿರಳ. ಆದಕಾರಣ ಇಲ್ಲಿ ವಾದಕರ ಪಾಲು ಹೆಚ್ಚು.

ಸಾಲ್ಸೆಡೊನಿಂದ ಹೊರಟ ಶಿಷ್ಯಪರಂಪರೆಯನ್ನು ಇನ್ನೊಂದು ಹೆಜ್ಜೆ ಹಿಂಬಾಲಿಸಿದರೆ ಇದು ಮತ್ತಷ್ಟು ವ್ಯಕ್ತವಾಗುತ್ತದೆ. ಕೆನಡಾದ ಮರ್ರೆ ಶೇಫರ್ 1979ರಲ್ಲಿ ‘ದಿ ಕ್ರೌನ್ ಆಫ್ ಅರಿಯಾಡ್ನಿ’ ಎಂಬ ಕೃತಿಯನ್ನು ಜೂಡಿ ಲೋಮನ್ ಎಂಬ ವಾದಕಿಗಾಗಿ ರಚಿಸಿದನು. ಲೋಮನ್ ಕರ್ಟಿಸ್ ಸಂಸ್ಥೆಯಲ್ಲಿ ಸಾಲ್ಸೆಡೊನ ಬಳಿ ಕಲಿತವಳು. ಹಾರ್ಪ್ ನುಡಿಸುವವಳೇ ಸಣ್ಣ ತಾಳವಾದ್ಯಗಳನ್ನೂ ನುಡಿಸಬೇಕಾದ ಈ ಕೃತಿಯಲ್ಲಿ 1921ರ ಗ್ರಂಥದ ನಾದಗಳು ಕೊನೆಗೆ ಒಂದು ನಾಟಕದ ಪಾತ್ರಗಳಂತೆ ಒಂದಕ್ಕೊಂದು ಉತ್ತರ ಕೊಡುತ್ತವೆ. ಸಾಲ್ಸೆಡೊನಿಗೆ ಸಾಧ್ಯವಾಗದ ವಾಕ್ಯರಚನೆ ಅವನ ಶಿಷ್ಯೆಯ ಕೈಯಲ್ಲಿ, ಬೇರೊಬ್ಬನ ಲೇಖನಿಯಿಂದ, ಸಿದ್ಧಿಸಿತೆನ್ನಬಹುದು.

ಜಪಾನಿನ ತೋರು ತಕೆಮಿತ್ಸು ಬಗೆಗೆ ಒಂದೇ ಮಾತು: ಕೊಳಲು, ವಯೋಲಾ, ಹಾರ್ಪುಗಳಿಗೆ 1992ರಲ್ಲಿ ಬರೆದ ಕೃತಿಯಲ್ಲಿ ಆತನು ದೆಬ್ಯುಸಿಯ 1915ರ ಸೊನಾಟಾದ ಅದೇ ಮೂರು ವಾದ್ಯಗಳನ್ನು ಬೇಕೆಂದೇ ಆರಿಸಿಕೊಂಡು, ಬೆರಿಯೊ ಹೀಗಳೆದ ಪರಂಪರೆಯಲ್ಲಿ ಇನ್ನೂ ಸತ್ತ್ವವಿದೆಯೆಂಬುದನ್ನು ವಾದವಿವಾದವಿಲ್ಲದೆ ತೋರಿಸಿಕೊಟ್ಟನು.

ಸ್ವರಲಿಪಿಯ ಗೊಂದಲ ಮಾತ್ರ ಇಂದಿಗೂ ತೀರಿಲ್ಲ. ಸಾಲ್ಸೆಡೊನ ಚಿಹ್ನೆಗಳಿದ್ದರೂ ಅನೇಕ ಸಂಯೋಜಕರು ತಮ್ಮದೇ ಚಿಹ್ನೆಗಳನ್ನು ಸೃಷ್ಟಿಸಿಕೊಳ್ಳುತ್ತಾರೆ. ವಾದಕರು ಪ್ರತಿ ಕೃತಿಗೂ ಹೊಸ ಅಕ್ಷರಮಾಲೆಯನ್ನು ಕಲಿಯಬೇಕು. ಪೆಡಲುಗಳನ್ನು ಲಿಪಿಯಲ್ಲಿ ಗುರುತಿಸದೆಯೇ ಬಿಡುವ ಸಂಯೋಜಕರಿದ್ದಾರೆ. ಬಿಟ್ಟುದಕ್ಕೆ ಅವರು ಕೊಡುವ ಕಾರಣ ವಾದಕರ ಸ್ವಾತಂತ್ರ್ಯ. ಅದು ಸ್ವಾತಂತ್ರ್ಯವೋ, ಸಂಯೋಜಕನು ಮಾಡದೆ ಉಳಿಸಿದ ಕೆಲಸವೋ ಎಂಬುದನ್ನು ಆಯಾ ಪುಟವೇ ಹೇಳುತ್ತದೆ.

ಫಿನ್‌ಲೆಂಡಿನ ಕಾಯಾ ಸಾರಿಯಾಹೊ (1952–2023) 2015ರಲ್ಲಿ ಬರೆದು, 2016ರಲ್ಲಿ ಟೋಕಿಯೋದಲ್ಲಿ ಕ್ಸಾವಿಯೆ ದ ಮೇಸ್ತ್ರ್ ಮೊದಲು ನುಡಿಸಿದ ‘ಟ್ರಾನ್ಸ್’ ಎಂಬ ಕನ್ಸರ್ಟೊ, ಇನ್ನೊಂದು ಹಳೆಯ ತೊಡಕನ್ನು ಎದುರಿಸುತ್ತದೆ. ವಾದ್ಯವೃಂದದೆದುರು ಹಾರ್ಪ್ ಕೇಳಿಸುವುದೇ ಕಷ್ಟ. ಹಿನಸ್ತೇರ ಇದಕ್ಕೆ ವೃಂದವನ್ನು ಆಗಾಗ ಬಾಯಿಮುಚ್ಚಿಸುವ ಉಪಾಯವನ್ನು ಹೂಡಿದ್ದನು. ಸಾರಿಯಾಹೊ ಹಾಗೆ ಮಾಡಲಿಲ್ಲ. ಹಾರ್ಪನ್ನು ವೃಂದದ ಎದುರಿಗೆ ನಿಲ್ಲಿಸದೆ, ಒಂದೊಂದು ವಾದ್ಯದೊಡನೆ, ಒಂದೊಂದು ಸಣ್ಣ ಗುಂಪಿನೊಡನೆ ಸಂಭಾಷಣೆಗೆ ತೊಡಗಿಸಿದಳು. ಹೀಗಾಗಿ ಹಾರ್ಪ್ ಕೂಗಬೇಕಾದ ಅಗತ್ಯವೇ ಬರುವುದಿಲ್ಲ. ಕೃತಿಯ ನಡುಭಾಗದಲ್ಲಿ ಚಲನೆ ಸ್ವಲ್ಪ ಮಂದವಾಗಿದೆಯೆಂಬುದು ನನ್ನ ಅಭಿಪ್ರಾಯ. ಧ್ವನಿಮುದ್ರಿಕೆಯಲ್ಲಿ ಸೂಕ್ಷ್ಮಧ್ವನಿವರ್ಧಕ ಹಾರ್ಪಿನ ಸಮೀಪದಲ್ಲಿರುವುದರಿಂದ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಈ ಸಂಭಾಷಣೆ ಎಷ್ಟುಮಟ್ಟಿಗೆ ತಲಪುತ್ತದೆಂಬುದನ್ನು ಮುದ್ರಿಕೆಯನ್ನು ಕೇಳಿಯೇ ನಿರ್ಣಯಿಸುವಂತಿಲ್ಲ.